ಜಗ್ಗಿಲ್ಲದ ಬಾರು

ನಮ್ಮ ಬಾರಿನಲ್ಲಿ ಮೇಜಿನ ಮೇಲೆ ನೀರಿನ ಜಗ್ಗು ಇಡುತ್ತಿರಲಿಲ್ಲ. ಬೇರೆ ಕಡೆ ಗ್ಲಾಸು ತಂದಿಟ್ಟು ಪಕ್ಕದಲ್ಲೊಂದು ಜಗ್ಗು ಕುಕ್ಕಿ ಹೋಗುತ್ತಾರೆ, ನೀರನ್ನು ನೀವೇ ಸುರಿದುಕೊಳ್ಳಬೇಕು. ನಮ್ಮಲ್ಲಿ ಆ ಕೆಲಸ ವೇಟರನದು. "ನೀರು ನಾನು ಹಾಕ್ತೀನಿ ಸಾರ್, ನಿಮ್ಮ ಕೈಗೆ ಅಳತೆ ಸಿಗಲ್ಲ" ಎಂದು ಮೊದಲ ದಿನವೇ ಹೇಳಿಬಿಡುತ್ತಿದ್ದ. ಹತ್ತೊಂಬತ್ತು ವರ್ಷ ನಾನು ಅದನ್ನು ಗಿರಾಕಿಗೆ ಕೊಡುವ ಮರ್ಯಾದೆ ಎಂದೇ ತಿಳಿದಿದ್ದೆ.

ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಗ್ಲಾಸು ಇಡುವಾಗಲೆಲ್ಲ "ನಿಧಾನ" ಅನ್ನುತ್ತಿದ್ದ, ಅದಕ್ಕೇ ನಿಧಾನಪ್ಪ. ವಯಸ್ಸು ಐವತ್ತರ ಆಚೆ. ಇಪ್ಪತ್ತಾರು ವರ್ಷ ಒಂದೇ ಕೈಯಲ್ಲಿ ಟ್ರೇ ಹಿಡಿದು ಎಡಭುಜ ಬಲಭುಜಕ್ಕಿಂತ ಎರಡು ಬೆರಳು ಕೆಳಗಿಳಿದಿತ್ತು. ಕಾಲಲ್ಲಿ ಸದ್ದು ಮಾಡದ ರಬ್ಬರ್ ಚಪ್ಪಲಿ. ನಗುತ್ತಿರಲಿಲ್ಲ, ಸಿಡುಕುತ್ತಲೂ ಇರಲಿಲ್ಲ. ಕುಡಿದವನು ಕೈ ಹಿಡಿದು ತನ್ನ ಇಡೀ ಸಂಸಾರದ ಕತೆ ಹೇಳಿದರೆ ಪೂರ್ತಿ ಕೇಳಿ, "ಮೊಟ್ಟೆ ಬೇಕಾ ಸಾರ್?" ಅನ್ನುತ್ತಿದ್ದ.

ಬಾರು ಅಂದರೆ ಹನ್ನೊಂದು ಮೇಜು, ಒಂದು ಫ್ಯಾನು, ಒಂದು ಕೌಂಟರು. ಕೌಂಟರಿನಲ್ಲಿ ಮಾಲೀಕ ಕೂತು ಪ್ರತಿ ಪೆಗ್ಗನ್ನೂ ತನ್ನ ಕೈಯಾರೆ ಅಳೆದು ಸುರಿಯುತ್ತಿದ್ದ. ಅಲ್ಲಿಂದ ಗ್ಲಾಸು ನಿಧಾನಪ್ಪನ ಟ್ರೇ ಏರಿ ಒಂದು ಮರದ ಹಲಗೆಯ ಮರೆಗೆ ಹೋಗುತ್ತಿತ್ತು. ಮರೆಯಲ್ಲಿ ನೀರಿನ ಡ್ರಮ್ಮು, ಐಸಿನ ಪೆಟ್ಟಿಗೆ, ಕೈ ತೊಳೆಯುವ ಬೇಸಿನ್ನು, ಮತ್ತೆ ಅವನ ಸ್ವಂತದ ಒಂದು ಸ್ಟೀಲ್ ಫ್ಲಾಸ್ಕು ಇದ್ದವು. ಫ್ಲಾಸ್ಕಿನಲ್ಲಿ ಹಾಲು ಹಾಕದ ಚಹಾ. ದಿನಾ ಮನೆಯಿಂದ ತುಂಬಿಸಿ ತರುತ್ತಿದ್ದ, ಖಾಲಿ ಮಾಡಿಕೊಂಡು ಹೋಗುತ್ತಿದ್ದ. ಬಾರಿನಲ್ಲಿ ದುಡಿದೂ ಒಂದು ಹನಿ ಮುಟ್ಟದ ಮನುಷ್ಯ, ಚಹಾದ ಚಟವಾದರೂ ಇರಲಿ ಬಿಡು ಎಂದು ನಾವು ಉದಾರವಾಗಿ ಕ್ಷಮಿಸಿದ್ದೆವು.

ನಮ್ಮಲ್ಲಿ ಒಬ್ಬೊಬ್ಬನಿಗೂ ದಿನಕ್ಕೆ ಇಷ್ಟು ಪೆಗ್ಗು ಎಂದು ಒಂದೊಂದು ಸಂಖ್ಯೆಯಿತ್ತು. ಕುಡಿಯುವವರ ಲೋಕದಲ್ಲಿ ಡಿಗ್ರಿ ಅಂದರೆ ಅದೇ. ನನ್ನದು ಐದು. ನಾನು ಔಷಧಿ ಡಬ್ಬಿಯೊಳಗೆ ಮಡಚಿಡುವ ಚೀಟಿಗಳ ಕರಡು ತಿದ್ದುವವನು. ಒಂದು ಚುಕ್ಕಿ ಹಾರಿಹೋದರೆ ಅರ್ಧ ಮಾತ್ರೆ ಐದು ಮಾತ್ರೆಯಾಗುತ್ತದೆ, ಆ ಚುಕ್ಕಿಯನ್ನು ಕಾಯುವುದೇ ನನ್ನ ಅನ್ನ. ನನ್ನ ಎದುರು ಕೂರುತ್ತಿದ್ದವನು ಸಿಟಿ ಬಸ್ಸಿನ ಡ್ರೈವರು, ಅವನದು ಆರು. ಬೆಳಗಿನ ಪಾಳಿ ಮುಗಿಸಿ, ಮನೆಯಲ್ಲಿ ಮಲಗೆದ್ದು, ಸಂಜೆ ಏಳಕ್ಕೆ ಬರುತ್ತಿದ್ದ. ಆರು ಮುಗಿಸಿ ಎದ್ದು, ತನ್ನ ಬಸ್ಸಿನ ಹಾಗೆ ಎಡಬದಿ ಹಿಡಿದು, ನೆಟ್ಟಗೆ ಮನೆಗೆ ನಡೆಯುತ್ತಿದ್ದ. ಮನೆಯಲ್ಲಿ ಶೂ ಬಿಚ್ಚಿ ಜೋಡಿಸಿಟ್ಟು, ಗೋಡೆ ಗಡಿಯಾರಕ್ಕೆ ಕೀಲಿ ಕೊಟ್ಟು, ಆಮೇಲೆ ಊಟಕ್ಕೆ ಕೂರುತ್ತಿದ್ದ. ಆರು ಹಾಕಿದವನು ಆ ಸಣ್ಣ ತೂತಿಗೆ ಕೀಲಿ ತೂರಿಸುವುದೆಂದರೆ ಹುಡುಗಾಟವಲ್ಲ. ನಾವೆಲ್ಲ ಅವನನ್ನು ಸ್ವಲ್ಪ ತಲೆ ಎತ್ತಿಯೇ ನೋಡುತ್ತಿದ್ದೆವು. ಐದಕ್ಕೂ ಆರಕ್ಕೂ ನಡುವೆ ಎಷ್ಟು ದೂರ ಅನ್ನುವುದು ಐದರಲ್ಲಿ ನಿಂತವನಿಗೇ ಗೊತ್ತು.

ಆಗ ಆ ರೋಗ ಬಂತು, ಊರಿಗೆ ಊರೇ ಬಾಗಿಲು ಹಾಕಿತು. ಬಾರಿಗೂ ಬೀಗ ಬಿತ್ತು, ಬಸ್ಸುಗಳು ಡಿಪೋದಲ್ಲಿ ಸಾಲಾಗಿ ನಿಂತವು. ಮೊದಲ ನಲವತ್ತು ದಿನ ಯಾರಿಗೂ ಒಂದು ತೊಟ್ಟು ಸಿಗಲಿಲ್ಲ. ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಗೋಡೆಯ ಮೇಲೆ ಇಲ್ಲದ್ದೆಲ್ಲ ಕಾಣುತ್ತದೆ, ಆಸ್ಪತ್ರೆಗೆ ಬನ್ನಿ ಎಂದು ಟೀವಿಯಲ್ಲಿ ಡಾಕ್ಟರು ಹೇಳಿದರು. ಡ್ರೈವರ್ ತನ್ನ ಕೈಯನ್ನೇ ನೋಡುತ್ತ ಮೂರು ದಿನ ಕಾದ. ಏನೂ ನಡುಗಲಿಲ್ಲ. ಸ್ವಲ್ಪ ಸಿಡಿಮಿಡಿ ಅಷ್ಟೆ. ನಾಲ್ಕನೇ ದಿನ ನನಗೆ ಫೋನ್ ಮಾಡಿ, ಇಪ್ಪತ್ತು ವರ್ಷ ದಿನಕ್ಕೆ ಆರು ಹಾಕಿದವನಿಗೂ ಏನೂ ಆಗಿಲ್ಲ, ಇದು ಉಕ್ಕಿನ ದೇಹ ಎಂದ. ನನಗೂ ಏನೂ ಆಗಿರಲಿಲ್ಲ. ನನ್ನದೂ ಉಕ್ಕೇ ಇರಬೇಕು ಎಂದುಕೊಂಡೆ. ಕರಡು ತಿದ್ದುವವನು ಅಲ್ಲೇ ಅನುಮಾನ ಪಡಬೇಕಿತ್ತು.

ನಲವತ್ತು ದಿನದ ಮೇಲೆ ಬಾಟಲಿ ಅಂಗಡಿಗಳನ್ನು ತೆರೆದರು. ಕುಡಿಯುವುದು ಮಾತ್ರ ಮನೆಯಲ್ಲೇ. ನಾನೂ ಸಾಲಿನಲ್ಲಿ ನಿಂತು ಒಂದು ತಂದೆ. ಅಕ್ಕನ ಮನೆಯಲ್ಲಿ ನನಗೊಂದು ಕೋಣೆಯಿದೆ. ಬಾಗಿಲು ಹಾಕಿಕೊಂಡು, ಏಳು ಗಂಟೆಗೆ ಸರಿಯಾಗಿ, ಬಾರಿನ ಪದ್ಧತಿಯಂತೆ ಐದು ಹಾಕಿದೆ. ಬೆಳಿಗ್ಗೆ ಎಚ್ಚರವಾದಾಗ ಚಪ್ಪಲಿ ಸ್ಟ್ಯಾಂಡಿನ ಪಕ್ಕ ಮಲಗಿದ್ದೆ. ಅಕ್ಕ ಬಂದು, ನನ್ನನ್ನು ಕಾಲಿನಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, ತನ್ನ ಚಪ್ಪಲಿ ಹಾಕಿಕೊಂಡು ತರಕಾರಿಗೆ ಹೋದಳು.

ಸರಕು ಸರಿಯಿಲ್ಲ ಎಂದು ತೀರ್ಮಾನಿಸಿದೆ. ಡ್ರೈವರಿಗೆ ಫೋನ್ ಮಾಡಿದರೆ ಅವನದೂ ಅದೇ ಮಾತು. ಬಾರಿನ ಉಳಿದವರನ್ನು ಕೇಳಿದೆ. ನಾಲ್ಕರವನು ಅಡುಗೆಮನೆಯ ಹೊಸ್ತಿಲಲ್ಲಿ ಬಿದ್ದಿದ್ದ, ಎಂಟರವನು ಎರಡು ದಿನ ಎದ್ದೇ ಇರಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾವು ಮೊದಲು ಬ್ರಾಂಡ್ ಡೊಂಕು ಅಂದೆವು. ಬ್ರಾಂಡ್ ಬದಲಾಯಿಸಿದ ಮೇಲೂ ಬಿದ್ದಾಗ, ಜೊತೆಯಿಲ್ಲದೆ ಕುಡಿದರೆ ಹೀಗೇ ಅಂದೆವು. ಫೋನಿನಲ್ಲಿ ಮುಖ ನೋಡಿಕೊಂಡು ಜೊತೆಯಾಗಿ ಕುಡಿದು, ಜೊತೆಯಾಗಿಯೇ ಬಿದ್ದ ಮೇಲೆ, ಕೈಗೆ ಹಚ್ಚಿಕೊಳ್ಳುವ ಸ್ಯಾನಿಟೈಜರಿನ ಘಾಟು ಒಳಗೆ ಸೇರಿ ಹೀಗಾಗುತ್ತದೆ ಎಂದು ಎಂಟರವನು ವಿಜ್ಞಾನ ಹೇಳಿದ. ನಾನು ಹೆದರಿ ಎರಡಕ್ಕೆ ಇಳಿದೆ. ಅಕ್ಕನ ಕಾಲಿನ ಭಯವೂ ಇತ್ತು.

ಡ್ರೈವರ್ ಇಳಿಯಲಿಲ್ಲ. ಅವನಿಗೆ ಆ ಆರು ಬಿಟ್ಟರೆ ಹೇಳಿಕೊಳ್ಳಲು ಬೇರೆ ಏನಿತ್ತು? ಬಸ್ಸು ಕೈಯಲ್ಲಿರಲಿಲ್ಲ, ಮಗಳು ಮದುವೆಯಾಗಿ ಹೋಗಿದ್ದಳು, ಮೂರನೇ ಮಹಡಿಯ ಎರಡು ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಗಂಡಹೆಂಡತಿ ಇಬ್ಬರೇ. ಅಭ್ಯಾಸ ತಪ್ಪಿದ್ದಕ್ಕೆ ಹೀಗಾಗಿದೆ, ಅಭ್ಯಾಸದಿಂದಲೇ ವಾಪಸ್ ತರುತ್ತೇನೆ ಎಂದು ಹಟ ಹಿಡಿದ. ಗೋಡೆಯ ಕ್ಯಾಲೆಂಡರಿನಲ್ಲಿ ದಿನಕ್ಕೆ ಎಷ್ಟರವರೆಗೆ ತಲುಪಿದೆ ಎಂದು ಗುರುತು ಹಾಕತೊಡಗಿದ. ಮೂರು, ಮೂರು, ನಾಲ್ಕು, ಮೂರು. ಏಳು ಗಂಟೆಗೆ ಶುರುವಾಗುತ್ತಿದ್ದದ್ದು ಐದಕ್ಕೆ ಬಂತು, ಐದರಿಂದ ಮೂರಕ್ಕೆ, ಆಮೇಲೆ ಊಟಕ್ಕೆ ಮುಂಚೆಯೇ. ಎಲ್ಲಿಗೂ ಹೋಗುವುದಿಲ್ಲವಾದರೆ ಮಧ್ಯಾಹ್ನಕ್ಕೂ ಸಂಜೆಗೂ ಏನು ವ್ಯತ್ಯಾಸ ಎಂದು ನನ್ನನ್ನೇ ಕೇಳಿದ. ಗಡಿಯಾರ ಕೀಲಿಯಿಲ್ಲದೆ ನಾಲ್ಕೂ ಹತ್ತಕ್ಕೆ ನಿಂತುಹೋಗಿತ್ತು. ಒಂದು ದಿನ ಬಚ್ಚಲಲ್ಲಿ ಬಿದ್ದು ಹುಬ್ಬು ಒಡೆದುಕೊಂಡ. ಐದು ಹೊಲಿಗೆ ಬಿತ್ತು. ಮರುದಿನ ಮತ್ತೆ ಅಭ್ಯಾಸ.

ಇತ್ತ ನಿಧಾನಪ್ಪನಿಗೆ ಕೆಲಸವಿರಲಿಲ್ಲ. ಅವನು ಮನೆಮನೆಗೆ ಕುಡಿಯುವ ನೀರಿನ ಕ್ಯಾನು ಹೊರತೊಡಗಿದ. ಡ್ರೈವರಿನ ಮನೆಗೂ ವಾರಕ್ಕೆ ಎರಡು ಸಲ ಇಪ್ಪತ್ತು ಲೀಟರ್ ಹೊತ್ತು ಮೂರು ಮಹಡಿ ಹತ್ತುತ್ತಿದ್ದ. ಕ್ಯಾನು ಇಳಿಸುವಾಗ ಎಲ್ಲವೂ ಕಣ್ಣಿಗೆ ಬೀಳುತ್ತಿತ್ತು: ಕುರ್ಚಿ, ಬಾಟಲಿ, ಅಂಚಿನವರೆಗೆ ತುಂಬಿದ ಗ್ಲಾಸು, ಹುಬ್ಬಿನ ಪಟ್ಟಿ. ಒಮ್ಮೆ ಬಾಗಿಲಲ್ಲೇ ನಿಂತು ಡ್ರೈವರಿನ ಹೆಂಡತಿಗೆ, ಮೂರನೆಯದರಿಂದ ನೀರು ಜಾಸ್ತಿ ಹಾಕಿ ಅಕ್ಕ ಎಂದು ಮೆತ್ತಗೆ ಹೇಳಿದನಂತೆ. ಅವರು ಹಾಕಿದರು. ಗಂಡನ ಕಣ್ಣೆದುರೇ ಹಾಕಿದ್ದರಿಂದ ಸಿಕ್ಕಿಬಿದ್ದರು. ಆ ದಿನ ಗ್ಲಾಸು ಗೋಡೆಗೆ ಹೋಯಿತು.

ಹೀಗಿರುವಾಗ ಡಿಪೋದಿಂದ ಫೋನ್ ಬಂತು. ಬರುವ ಸೋಮವಾರದಿಂದ ಬಸ್ಸು ಓಡುತ್ತದೆ, ಬೆಳಿಗ್ಗೆ ಆರಕ್ಕೆ ಬರಬೇಕು. ಬಸ್ಸಿನ ಕೀಲಿ ಕೊಡುವ ಮುಂಚೆ ಪ್ರತಿಯೊಬ್ಬನನ್ನೂ ಊದಿಸಿ ನೋಡುತ್ತಾರೆ, ವಾಸನೆ ಸಿಕ್ಕರೆ ಅವತ್ತೇ ಮನೆಗೆ, ಮತ್ತೆ ಒಳಗೆ ಸೇರಿಸುವುದಿಲ್ಲ. ಡ್ರೈವರ್ ಸರಿ ಎಂದು ಫೋನ್ ಇಟ್ಟು, ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇದೆ, ಅಷ್ಟರಲ್ಲಿ ಆರು ಕೈಗೆ ಸಿಗುತ್ತದೆ ಎಂದನಂತೆ. ಅವನ ಹೆಂಡತಿ ನನಗೆ ಫೋನ್ ಮಾಡಿದರು. ನಾನು ಅವರನ್ನು ಅತ್ತಿಗೆ ಅನ್ನುತ್ತೇನೆ, ಡ್ರೈವರ್ ನನಗಿಂತ ಎರಡು ವರ್ಷ ದೊಡ್ಡವನು. ಅವರು ಅಳಲಿಲ್ಲ. ಬಂದು ಒಂದು ಮಾತು ಹೇಳಿ, ಆಗದಿದ್ದರೆ ಸುಮ್ಮನೆ ಕೂತು ಹೋಗಿ ಎಂದರು. ಮೂತಿಗೆ ಮಾಸ್ಕು ಏರಿಸಿಕೊಂಡು ಹೊರಟೆ.

ಬೆಳಿಗ್ಗೆ ಹತ್ತೂವರೆ. ಡ್ರೈವರ್ ಕಿಟಕಿಯ ಪಕ್ಕ ಬನಿಯನ್ನಿನಲ್ಲಿ ಕೂತಿದ್ದ. ಇನ್ನೂ ಶುರು ಮಾಡಿರಲಿಲ್ಲ, ಬಾಟಲಿ ಮಾತ್ರ ಪಕ್ಕದಲ್ಲಿ ಸಿದ್ಧವಾಗಿತ್ತು. ನಾನು ಹೇಳಬೇಕೆಂದಿದ್ದ ಮಾತೆಲ್ಲ ಮಾಸ್ಕಿನೊಳಗೇ ಉಳಿಯಿತು. ಬಿಸಿಲು ಜಾಸ್ತಿ ಎಂದೆ. ಹೌದು ಎಂದ. ಅಷ್ಟರಲ್ಲಿ ನಿಧಾನಪ್ಪ ಕ್ಯಾನು ಹೊತ್ತು ಬಂದ. ಅತ್ತಿಗೆ ಚಹಾ ಸೋಸುತ್ತಿದ್ದವರು ಅವನಿಗೂ ಒಂದು ಲೋಟ ತಂದರು. ಹಾಲು ಹಾಕಿರಲಿಲ್ಲ. ಅವನಿಗೆ ಹಾಗೇ ಇಷ್ಟ ಎಂದು ಬಾರಿಗೆ ಹೋಗದ ಅವರಿಗೂ ಗಂಡನ ಬಾಯಿಂದ ಗೊತ್ತಿತ್ತು.

"ಬೇಡ ಅಕ್ಕ, ನಾನು ಚಹಾ ಕುಡಿಯಲ್ಲ," ಎಂದ ನಿಧಾನಪ್ಪ.

ಮೂರು ಮಹಡಿ ಹತ್ತಿ ಬಂದ ಸುಸ್ತಿನಲ್ಲಿ ಬಾಯಿ ಜಾರಿತ್ತು. ಅತ್ತಿಗೆ ಲೋಟ ಹಿಡಿದೇ ನಿಂತರು. ಹತ್ತೊಂಬತ್ತು ವರ್ಷ ಎದುರಿಗಿದ್ದ ತಪ್ಪು ಕೊನೆಗೂ ನನ್ನ ಕಣ್ಣಿಗೆ ಬಿತ್ತು. ದಿನಾ ತುಂಬಿ ಬಂದು ಖಾಲಿಯಾಗಿ ಹೋಗುತ್ತಿದ್ದ ಫ್ಲಾಸ್ಕು ಯಾರಿಗೆ ಎಂದು ಕೇಳಿದೆ.

ಅವನು ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. ಡ್ರೈವರಿನ ಹುಬ್ಬಿನ ಪಟ್ಟಿ ನೋಡಿದ, ಬಾಟಲಿ ನೋಡಿದ, ಹೆಗಲ ಮೇಲಿನ ಟವೆಲ್ಲು ತೆಗೆದು ಕೈ ಒರೆಸಿಕೊಂಡ.

"ಮೊದಲೆರಡು ಪೂರ್ತಿ ಕೊಡ್ತಿದ್ದೆ ಸಾರ್. ಮೂರು, ನಾಲ್ಕು ಅರ್ಧರ್ಧ, ಉಳಿದದ್ದು ನೀರು, ಬಣ್ಣಕ್ಕೆ ಚಹಾ. ಐದರಿಂದ ಮುಂದೆ ಬರೀ ಚಹಾ. ಗ್ಲಾಸಿನ ಅಂಚಿಗೆ ಮಾತ್ರ ಒಂದು ಬೆರಳು ಸವರ್ತಿದ್ದೆ, ವಾಸನೆಗೆ. ಎಲ್ಲರಿಗೂ ಹಂಗೇ."

ಕೆಲಸಕ್ಕೆ ಸೇರಿದ ಮೊದಲ ವರ್ಷ ಒಬ್ಬ ಬಡಗಿ ಬರುತ್ತಿದ್ದನಂತೆ. ಏಳು ಕೇಳಿದ, ಇವನು ಏಳು ಕೊಟ್ಟ. ಬೆಳಿಗ್ಗೆ ಅವನು ಮೊಣಕಾಲಷ್ಟು ನೀರಿದ್ದ ಚರಂಡಿಯಲ್ಲಿ ಹೆಣವಾಗಿ ಸಿಕ್ಕಿದ. ಸುರಿಯೋದು ನಮ್ಮ ಕೆಲಸ, ನಿಲ್ಲಿಸೋದು ಅವರ ಕೆಲಸ ಎಂದು ಮಾಲೀಕ ಹೇಳಿದನಂತೆ. ಕೇಳಬೇಡಿ ಎಂದು ಗಿರಾಕಿಗೆ ಹೇಳಲು ವೇಟರಿಗೆ ಬಾಯಿಲ್ಲ. ಕೈಯಂತೂ ಇತ್ತು. ಮಾಲೀಕ ದಿನವೂ ಬಾಟಲಿ ನೋಡುತ್ತಿದ್ದರಿಂದ ತೆಗೆದದ್ದನ್ನು ವಾಪಸ್ ಸುರಿದು ಉಳಿಸುವಂತಿರಲಿಲ್ಲ, ಬೇಸಿನ್ನಿಗೆ ಹೋಗುತ್ತಿತ್ತು. ಇಪ್ಪತ್ತೈದು ವರ್ಷ ಆ ಬೇಸಿನ್ನು ಕುಡಿದಷ್ಟು ನಮ್ಮಲ್ಲಿ ಯಾರೂ ಕುಡಿದಿಲ್ಲ. ಅದರ ಪೈಪಿನಲ್ಲಿ ಒಂದು ಜಿರಲೆಯೂ ಇರುತ್ತಿರಲಿಲ್ಲ ಎಂದು ಈಗ ನೆನಪಾಗುತ್ತದೆ.

ನನಗೆ ಮೊದಲು ಬಂದದ್ದು ಸಿಟ್ಟಲ್ಲ, ಲೆಕ್ಕ. ಎರಡು, ಮೇಲೆ ಎರಡು ಅರ್ಧ. ಡ್ರೈವರಿನ ಆರು ಅಂದರೆ ಮೂರು. ನನ್ನ ಐದೂ ಮೂರೇ. ಎಂಟರವನದೂ ಮೂರೇ. ಇಷ್ಟು ವರ್ಷ ನಾನು ತಲೆ ಎತ್ತಿ ನೋಡಿದ್ದು ಒಂದು ಗ್ಲಾಸು ಚಹಾವನ್ನು.

ಡ್ರೈವರ್ ಎದ್ದು ನಿಂತ.

"ಹಾಗಾದ್ರೆ ನಂದು ಎಷ್ಟು?"

"ಮೂರು ಸಾರ್."

"ಕಳ್ಳ. ಇನ್ನು ಈ ಮೆಟ್ಟಿಲು ಹತ್ತಬೇಡ."

ನಿಧಾನಪ್ಪ ಖಾಲಿ ಕ್ಯಾನು ಎತ್ತಿಕೊಂಡ. ಬಾಗಿಲ ಹತ್ತಿರ ಅತ್ತಿಗೆ ಅವನಿಗೆ ಅಡ್ಡ ನಿಂತರು. ಚಹಾದ ಲೋಟ ಇನ್ನೂ ಕೈಯಲ್ಲೇ ಇತ್ತು.

"ಇಷ್ಟು ವರ್ಷ ಇವರನ್ನ ದಿನಾ ಮನೆಗೆ ಕಳಿಸ್ತಿದ್ದದ್ದು ನೀನಾ ಅಣ್ಣ?"

ಅವನು ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿದ. ಅವರು ದಾರಿ ಬಿಟ್ಟರು. ಅವನು ಇಳಿದುಹೋದ. ಮೆಟ್ಟಿಲ ಮೇಲೆ ಕ್ಯಾನು ತಾಗುತ್ತ ಹೋದ ಸದ್ದು ಕೇಳಿಸಿತು.

ಮಧ್ಯಾಹ್ನದೊಳಗೆ ಡ್ರೈವರ್ ಬಾರಿನ ಎಲ್ಲರಿಗೂ ಫೋನ್ ಮಾಡಿದ್ದ. ಮಾಲೀಕನಿಗೂ. ಹಾಲಿಗೆ ನೀರು ಹಾಕಿದವನನ್ನಾದರೂ ಜನ ಕ್ಷಮಿಸುತ್ತಾರೆ. ಎಂಟರವನು ಪೊಲೀಸರಿಗೆ ಹೇಳಬೇಕು ಅಂದ, ಏನೆಂದು ಹೇಳುವುದು ಎಂದು ಗೊತ್ತಾಗದೆ ಸುಮ್ಮನಾದ. ಮಾಲೀಕ ನನಗೆ ಫೋನ್ ಮಾಡಿ ನಿಜವೇ ಎಂದು ಕೇಳಿದ. ನಿಜ ಎಂದೆ. ನಿಧಾನಪ್ಪ ಯಾಕೆ ಹಾಗೆ ಮಾಡಿದ ಅನ್ನುವುದನ್ನೂ ಹೇಳಬಹುದಿತ್ತು, ಹೇಳಲಿಲ್ಲ. ನನಗೂ ನನ್ನ ಐದರ ಉರಿ ಇತ್ತು. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಬಾರು ತೆರೆದರೂ ಅವನನ್ನು ಒಳಗೆ ಸೇರಿಸುವುದಿಲ್ಲ ಎಂದ ಮಾಲೀಕ. ಇಪ್ಪತ್ತಾರು ವರ್ಷ ಒಂದು ಗ್ಲಾಸು ಒಡೆಯದೆ ಗಳಿಸಿದ ಹೆಸರು ಮೂರು ಗಂಟೆಯಲ್ಲಿ ಮಣ್ಣುಪಾಲಾಯಿತು.

ಮರುದಿನ ಸಂಜೆ ನಡೆದದ್ದನ್ನು ಅತ್ತಿಗೆ ನನಗೆ ಆಮೇಲೆ ಹೇಳಿದರು. ನಿಧಾನಪ್ಪ ಹೇಳಿದ್ದು ಶುದ್ಧ ಸುಳ್ಳು, ನಾನು ಸಾಬೀತು ಮಾಡುತ್ತೇನೆ ಎಂದು ಡ್ರೈವರ್ ಹೊರಟನಂತೆ. ಹೆಂಡತಿಯಿಂದ ಹಾಲಿಲ್ಲದ ಚಹಾ ಕಾಯಿಸಿಕೊಂಡು ಆರಲು ಇಟ್ಟ. ಏಳು ಗಂಟೆ ಆಗುವವರೆಗೂ ಬಾಟಲಿ ಮುಟ್ಟದೆ ಕಾದ. ಎಷ್ಟೋ ವಾರದಲ್ಲಿ ಅದೇ ಮೊದಲಂತೆ. ನನ್ನ ಕೈಯಿಂದ ಆದರೆ ಗೊತ್ತಾಗಿಬಿಡುತ್ತದೆ, ನೀನೇ ಅಡುಗೆಮನೆಯಿಂದ ತುಂಬಿಸಿ ತಾ, ಅವನು ಹೇಳಿದ ಹಾಗೇ ತಾ ಎಂದ. ಎರಡು ಪೂರ್ತಿ, ಎರಡು ಅರ್ಧ, ಎರಡು ಚಹಾ. ಅಂಚಿಗೆ ಬೆರಳು ಸವರಿ ತಂದರು. ಒಂದೊಂದನ್ನೂ ಹಿಂದಿನಷ್ಟೇ ಹೊತ್ತು ಹಿಡಿದು ಕುಡಿದ. ಆರನೆಯದು ಮುಗಿಸಿ ಎದ್ದ. ಮುಂದಿನ ಕೋಣೆಯ ನೆಲದಲ್ಲಿ ಟೈಲ್ಸು ಕೂಡುವ ಗೆರೆಯ ಮೇಲೆ ಬಾಗಿಲವರೆಗೆ ಹೋಗಿ ಬಂದ. ಒಂದು ಕಾಲೂ ಗೆರೆ ದಾಟಲಿಲ್ಲ. ಮನೆಯೊಳಗೇ ಶೂ ಹಾಕಿಕೊಂಡು, ಮತ್ತೆ ಬಿಚ್ಚಿ ಜೋಡಿಸಿಟ್ಟ. ಆಮೇಲೆ ಸ್ಟೂಲು ಎಳೆದು ಹತ್ತಿ, ನಾಲ್ಕೂ ಹತ್ತಕ್ಕೆ ನಿಂತಿದ್ದ ಗಡಿಯಾರಕ್ಕೆ ಕೀಲಿ ಹಾಕಿದ. ಒಂದೇ ಸಲಕ್ಕೆ ತೂತಿಗೆ ಕೂತಿತು.

ಸ್ಟೂಲಿನ ಮೇಲೇ ತುಂಬ ಹೊತ್ತು ನಿಂತಿದ್ದನಂತೆ. ಇಳಿಯಿರಿ ಎಂದರೂ ಇಳಿಯಲಿಲ್ಲ. ಅಳುತ್ತಿದ್ದಾರೋ ಗಡಿಯಾರ ನೋಡುತ್ತಿದ್ದಾರೋ ಹಿಂದಿನಿಂದ ನನಗೆ ಗೊತ್ತಾಗಲಿಲ್ಲ ಎಂದರು ಅತ್ತಿಗೆ. ಕೇಳಲೂ ಇಲ್ಲವಂತೆ.

ಶನಿವಾರ, ಭಾನುವಾರ ಅವನು ಬಾಟಲಿಯ ಮುಚ್ಚಳ ತೆರೆಯಲಿಲ್ಲ. ಸೋಮವಾರ ಬೆಳಿಗ್ಗೆ ಆರಕ್ಕೆ ಹೋಗಿ ಊದಿ, ಕೀಲಿ ಪಡೆದು, ಖಾಲಿ ಬಸ್ಸನ್ನು ಎಡಬದಿ ಹಿಡಿದು ಓಡಿಸಿದ. ಆಮೇಲೆ ಮನೆಯಲ್ಲಿ ಕುಡಿದದ್ದು ಕಡಿಮೆ. ಕುಡಿದ ದಿನ ಅತ್ತಿಗೆಯೇ ಅಡುಗೆಮನೆಯಿಂದ ತುಂಬಿಸಿ ತರುತ್ತಿದ್ದರು, ಅವನು ಒಳಗೆ ಇಣುಕುತ್ತಿರಲಿಲ್ಲ. ನಿಧಾನಪ್ಪನ ಹೆಸರನ್ನು ಮಾತ್ರ ಯಾರೂ ಎತ್ತುತ್ತಿರಲಿಲ್ಲ. ಅವನು ಆ ಬೀದಿ ಬಿಟ್ಟು ಬೇರೆ ಬೀದಿಗಳಿಗೆ ನೀರು ಹೊರುತ್ತಿದ್ದ. ಒಮ್ಮೆ ದೂರದಲ್ಲಿ ಕಂಡ. ಎಡಭುಜದ ಜೊತೆ ಬಲಭುಜವೂ ಇಳಿಯತೊಡಗಿತ್ತು. ನಾನು ಮಾಸ್ಕು ಮೇಲೇರಿಸಿ ಗುರುತು ಸಿಗದವನಂತೆ ದಾಟಿಹೋದೆ. ಮಾಸ್ಕಿನಿಂದ ಆ ಒಂದು ಉಪಕಾರವಿತ್ತು.

ಎಂಟು ತಿಂಗಳ ಮೇಲೆ ಬಾರು ತೆರೆಯಿತು. ಹನ್ನೊಂದು ಮೇಜಿನಲ್ಲಿ ಆರು ಉಳಿದಿದ್ದವು, ನಡುವೆ ಅಂತರ ಬಿಟ್ಟಿದ್ದರು. ಮರೆಯ ಹಲಗೆ ಕಿತ್ತು ಹಾಕಿದ್ದರು, ಬೇಸಿನ್ನು ಎಲ್ಲರ ಕಣ್ಣೆದುರು ಬಂದಿತ್ತು. ಹೊಸ ವೇಟರು ಒಬ್ಬ ಮೀಸೆಯ ಆಸಾಮಿ, ಚುರುಕಾಗಿದ್ದ. ಡ್ರೈವರಿನ ಮುಂದೆ ಗ್ಲಾಸು ಇಟ್ಟ, ಪಕ್ಕದಲ್ಲಿ ಒಂದು ಜಗ್ಗು ಕುಕ್ಕಿದ.

ಡ್ರೈವರ್ ಆ ಜಗ್ಗನ್ನು ನೋಡುತ್ತ ಕೂತ. ಕೈ ಹಾಕಲಿಲ್ಲ. ಸುತ್ತಲಿನವರು ಮೊದಲನೆಯದು ಮುಗಿಸಿ, ಎರಡನೆಯದು ತರಿಸಿ, ಅಲ್ಲೇ ತಡವರಿಸುತ್ತಿದ್ದರು. ಮೂರನೆಯದಕ್ಕೆ ಕೈ ಎತ್ತಲು ಒಬ್ಬನಿಗೂ ಧೈರ್ಯವಿರಲಿಲ್ಲ. ಬಿದ್ದ ನೆನಪು ಎಲ್ಲರಿಗೂ ಇತ್ತು. ಎಂಟರವನು ಎರಡು ಮುಗಿಸಿ ಇಂಗು ತಿಂದ ಮಂಗನಂತೆ ಕೂತಿದ್ದ. ಆಗ ಡ್ರೈವರ್ ಮಾಲೀಕನನ್ನು ಕರೆದ. ನಿಧಾನಪ್ಪ ಎಲ್ಲಿ ಎಂದು ಕೇಳಿದ. ನೀವೇ ಅಲ್ಲವಾ ಕಂಪ್ಲೇಂಟ್ ಕೊಟ್ಟದ್ದು, ನಿಮಗೆ ಅಷ್ಟು ವರ್ಷ ಮೋಸ ಮಾಡಿದವನನ್ನು ಹೇಗೆ ಇಟ್ಟುಕೊಳ್ಳಲಿ ಎಂದ ಮಾಲೀಕ.

"ಮೋಸ ಹೋದವನು ನಾನು. ಆ ಮೋಸ ನನಗೆ ವಾಪಸ್ ಬೇಕು. ಅವನು ಬರೋವರೆಗೆ ಈ ಜಗ್ಗು ತಗೊಂಡು ಹೋಗಿ."

ದನಿ ಎತ್ತಿರಲಿಲ್ಲ. ಬಸ್ಸಿನಲ್ಲಿ ಸ್ಟಾಪಿನ ಹೆಸರು ಹೇಳುವ ಹಾಗೆ ಹೇಳಿದ. ಮಾಲೀಕ ನಮ್ಮ ಮುಖ ನೋಡಿದ. ಈ ಸಲ ನಾನು ಬಾಯಿ ಬಿಟ್ಟೆ. ಬಡಗಿಯ ಕತೆ ಹೇಳಿದೆ, ನನ್ನ ಮೇಜಿಗೂ ಜಗ್ಗು ಬೇಡ ಎಂದೆ. ನಾಲ್ಕರವನು ತನ್ನ ಜಗ್ಗನ್ನು ತಾನೇ ಎತ್ತಿಕೊಂಡು ಹೋಗಿ ಕೌಂಟರಿನ ಮೇಲಿಟ್ಟ. ಎಂಟರವನೂ ಎದ್ದ. ಮಾಲೀಕ ವ್ಯಾಪಾರಿ. ಎರಡಕ್ಕೇ ಎದ್ದುಹೋಗುವ ಗಿರಾಕಿಗಳಿಗಿಂತ ಆರು ತರಿಸುವ ಗಿರಾಕಿಗಳು ವಾಸಿ ಎಂದು ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಗಿರಾಕಿಗೆ ಬೇಕಾದ್ದು ಮೋಸವಾದರೆ ಅದೂ ಸರಕೇ. ನಾಳೆ ಕರೆಸುತ್ತೇನೆ ಎಂದ.

ಮರುದಿನ ನಿಧಾನಪ್ಪ ಬಂದ. ಹಲಗೆಯನ್ನು ಮತ್ತೆ ನಿಲ್ಲಿಸಿದ್ದರು. ಅವನು ಯಾರ ಮುಖವನ್ನೂ ನೇರ ನೋಡಲಿಲ್ಲ, ನಾವೂ ನೋಡಲಿಲ್ಲ. ಕಂಕುಳಲ್ಲಿ ಫ್ಲಾಸ್ಕು ಇತ್ತು. ಡ್ರೈವರಿನ ಮೇಜಿನ ಹತ್ತಿರ ಬಂದು, ಎಲ್ಲ ಗೊತ್ತಾದ ಮೇಲೆ ಈಗ ಹೇಗೆ ಕೊಡಲಿ ಎಂದು ತಗ್ಗಿದ ದನಿಯಲ್ಲಿ ಕೇಳಿದ.

"ಆರು," ಎಂದ ಡ್ರೈವರ್. "ಎಂದಿನ ಹಾಗೆ."

ಒಂದೊಂದೇ ಬಂತು. ಪ್ರತಿ ಸಲವೂ ನಿಧಾನ ಎಂದು ಹೇಳಿಯೇ ಇಟ್ಟ. ನನ್ನ ಐದನೆಯದು ಬಂದಾಗ ಮೂಸಿ ನೋಡಿದೆ. ಅಂಚಿನಲ್ಲಿ ವಾಸನೆ, ಒಳಗೆ ತಣ್ಣಗಿನ ಚಹಾ, ಸಕ್ಕರೆಯಿಲ್ಲ. ಕುಡಿದು ಗಂಟಲು ಉರಿದವನಂತೆ ಮುಖ ಹಿಂಡಿದೆ. ಎದುರಿಗೆ ಡ್ರೈವರ್ ಆರನೆಯದನ್ನು ಎತ್ತಿ ಒಂದೇ ಗುಟುಕಿಗೆ ಇಳಿಸಿ, ಕಣ್ಣು ಮುಚ್ಚಿ, ತಲೆ ಒದರಿ, ಸ್ವಲ್ಪ ಸ್ಟ್ರಾಂಗ್ ಆಯ್ತು ಎಂದ. ಎಂಟರವನು ಹೌದೆಂದು ತಲೆಯಾಡಿಸಿದ. ನಿಧಾನಪ್ಪ ಖಾಲಿ ಗ್ಲಾಸುಗಳನ್ನು ಟ್ರೇಗೆ ಎತ್ತಿಕೊಂಡ. ಅವನ ಕೈ ಸ್ವಲ್ಪ ನಡುಗುತ್ತಿತ್ತು. ನಮ್ಮೆಲ್ಲರಲ್ಲಿ ಕೈ ನಡುಗಿದ್ದು ಅವನದೊಂದೇ.

ಡ್ರೈವರ್ ಎಡಬದಿ ಹಿಡಿದು ನೆಟ್ಟಗೆ ನಡೆದ. ಹೊರಟ ತಕ್ಷಣ ತಿಳಿಸಿ ಎಂದು ಅತ್ತಿಗೆ ನನಗೆ ಮೊದಲೇ ಹೇಳಿದ್ದರು. ಬಾಗಿಲಲ್ಲಿ ನಿಂತು ಫೋನ್ ಮಾಡಿ, ಹೊರಟಿದ್ದಾನೆ, ಆರು ಆಯ್ತು ಎಂದೆ.

"ಆರೂ ಆಯ್ತಾ? ಹಾಗಾದ್ರೆ ನಾನು ಚಹಾಕ್ಕೆ ಇಡಲ್ಲ," ಎಂದರು. "ಅದು ಜಾಸ್ತಿ ಆದ್ರೆ ನಿದ್ದೆ ಬರಲ್ಲ ಅಂತಾರೆ."